ಫರ್ಮ್‌ವೇರ್ ಬದಲಿಸಿದ ಮೇಲೆ ಮಾತು ಕೇಳಿಸದ ಡಿಎಂಆರ್ ಸೆಟ್: ಒಂದು ಪ್ರಕರಣ ಅಧ್ಯಯನ

ಸೆಟ್ ಟಿವೈಟಿ ಎಂಡಿ-ಯುವಿ380, ಎಫ್‌ಎಂ ಜೊತೆಗೆ ಡಿಎಂಆರ್ ಎಂಬ ಡಿಜಿಟಲ್ ಪದ್ಧತಿಯಲ್ಲೂ ಮಾತು ಕಳಿಸುವ ಕೈ ರೇಡಿಯೊ. ವಿಎಚ್‌ಎಫ್, ಯುಎಚ್‌ಎಫ್ ಎರಡೂ ಇರುವ, ಜಿಪಿಎಸ್ ಇಲ್ಲದ ಮಾದರಿ. ರೆಟೆವಿಸ್ ಆರ್‌ಟಿ3ಎಸ್ ಎಂಬ ಹೆಸರಲ್ಲಿ ಬರುವುದೂ ಒಳಗೆ ಇದೇ ಸೆಟ್, ಹಾಗಾಗಿ ಮುಂದೆ ಹೇಳುವುದೆಲ್ಲ ಅದಕ್ಕೂ ಹೊಂದುತ್ತದೆ. ಮಾಲೀಕರು ಬೆಂಗಳೂರಿನ, ಪರವಾನಗಿ ಇರುವ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ಬಳಕೆದಾರರು. ಮನೆಯಲ್ಲಿ ರಾಸ್ಪ್‌ಬೆರಿ ಪೈ ಝೀರೊ ಮೇಲೆ ಕೂರಿಸಿದ ಎಂಎಂಡಿವಿಎಂ ಹಾಟ್‌ಸ್ಪಾಟ್ (ಸೆಟ್ಟಿನ ಮಾತನ್ನು ಅಂತರ್ಜಾಲಕ್ಕೆ ದಾಟಿಸುವ ಪುಟ್ಟ ರೇಡಿಯೊ), ಅದರಲ್ಲಿ ಅದನ್ನು ನಡೆಸುವ ಪೈ-ಸ್ಟಾರ್ ತಂತ್ರಾಂಶ, ಅಲ್ಲಿಂದ ಡಿಎಂಆರ್ ಬಳಕೆದಾರರನ್ನು ಬೆಸೆಯುವ ಬ್ರ್ಯಾಂಡ್‌ಮೈಸ್ಟರ್ ಜಾಲದ ಭಾರತದ ಟಾಕ್‌ಗ್ರೂಪ್ (ಒಟ್ಟಿಗೆ ಮಾತನಾಡುವ ಗುಂಪು) 404. ಸೆಟ್ಟಿನ ಹಳೆಯ ಫರ್ಮ್‌ವೇರಿನಲ್ಲಿ (ಸೆಟ್ಟನ್ನು ನಡೆಸುವ ಒಳಗಿನ ತಂತ್ರಾಂಶದಲ್ಲಿ) ಇದೆಲ್ಲ ನಡೆಯುತ್ತಿತ್ತು.

ಬದಲಾವಣೆ ಬೇಕೆನಿಸಿದ್ದು ಹೆಸರುಗಳಿಗಾಗಿ. ಕರೆ ಬಂದಾಗ ಆ ಕಡೆಯವರ ಕಾಲ್‌ಸೈನ್, ಹೆಸರು, ಊರು ಪರದೆಯ ಮೇಲೆ ಬರಬೇಕಾದರೆ ಅವರ ಡಿಎಂಆರ್ ಐಡಿ, ಅಂದರೆ ಗುರುತಿನ ಸಂಖ್ಯೆ, ಸೆಟ್ಟಿನ ಪಟ್ಟಿಯಲ್ಲಿರಬೇಕು. ಮಾಮೂಲಿ ಫರ್ಮ್‌ವೇರಿನಲ್ಲಿ 10,000 ಸಂಪರ್ಕಗಳಿಗೆ ಮಾತ್ರ ಜಾಗ. ಸಿಎಸ್‌ವಿ ಎಂದು ಕರೆಯುವ ಇನ್ನೊಂದು ಬಗೆಯ ಫರ್ಮ್‌ವೇರ್ 1,20,000ದ ಆಸುಪಾಸಿನವರೆಗೆ ಹಿಡಿಯುತ್ತದೆ, ಬದಲಿಗೆ ಧ್ವನಿ ರೆಕಾರ್ಡಿಂಗ್ ಸೌಲಭ್ಯ ಬಿಟ್ಟುಕೊಡಬೇಕು. ಮಾಲೀಕರು ಸ್ನೇಹಿತರ ಮನೆಯ ಕಂಪ್ಯೂಟರಿನಲ್ಲಿ ಹೊಸ ಫರ್ಮ್‌ವೇರ್ ಹಾಕಿದರು. ಕೆಲಸ ಮುಗಿಯಿತೆಂದು ತಂತ್ರಾಂಶ ಹೇಳಿತು, ಸೆಟ್ಟೂ ಆನ್ ಆಯಿತು. ಮನೆಗೆ ಬಂದು ಸ್ವಂತ ಲ್ಯಾಪ್‌ಟಾಪಿಗೆ ಜೋಡಿಸಿದರೆ ಪ್ರೋಗ್ರಾಮಿಂಗ್ ತಂತ್ರಾಂಶಕ್ಕೆ, ಅಂದರೆ ಸಿಪಿಎಸ್‌ಗೆ, ಸೆಟ್ ಕಾಣಿಸಲೇ ಇಲ್ಲ. ಬೇರೆ ಕೇಬಲ್ ತಂದು ನೋಡಿದರು, ಅದರಲ್ಲೂ ಇಲ್ಲ. ಸ್ನೇಹಿತರ ಕಂಪ್ಯೂಟರಿಗೇ ಮರಳಿ, ಅಂತರ್ಜಾಲದಲ್ಲಿ ಸಿಕ್ಕ ಅಮೆರಿಕದ ಹ್ಯಾಮ್ ಒಬ್ಬರ ಸಿದ್ಧ ಕೋಡ್‌ಪ್ಲಗ್ (ಚಾನೆಲ್, ಸಂಪರ್ಕ ಮುಂತಾದ ಹೊಂದಿಕೆಗಳ ಫೈಲ್) ತೆಗೆದುಕೊಂಡು, ಹಾಟ್‌ಸ್ಪಾಟ್ ಚಾನೆಲ್ಲಿನ ಆವರ್ತನ ಮತ್ತು ಟಾಕ್‌ಗ್ರೂಪ್ ತಿದ್ದಿ ಬರೆದರು. ಹಳೆಯ ಕೋಡ್‌ಪ್ಲಗ್ ಓದಿ ಉಳಿಸಿಕೊಂಡಿರಲಿಲ್ಲ. ಈಗ ಎಫ್‌ಎಂ ಚಾನೆಲ್‌ಗಳು ಚೆನ್ನಾಗಿದ್ದವು. ಡಿಎಂಆರ್ ಚಾನೆಲ್ಲಿನಲ್ಲಿ ಹಸಿರು ದೀಪ ಹತ್ತುತ್ತಿತ್ತು, ಮಾತು ಮಾತ್ರ ಇಲ್ಲ. ಇವರ ಮಾತೂ ಜಾಲ ತಲುಪುತ್ತಿರಲಿಲ್ಲ. ಮತ್ತೆ ಅದೇ ಫರ್ಮ್‌ವೇರ್ ಹಾಕಿ ನೋಡಿದ್ದಾಯಿತು, ಫಲ ಅದೇ. ಸೆಟ್ ದುರಸ್ತಿಯ ಮೇಜಿಗೆ ಬಂದಾಗ ಜೊತೆಗೆ ಬಂದ ತೀರ್ಮಾನ: ಫರ್ಮ್‌ವೇರ್ ಕೆಟ್ಟು ಬೋರ್ಡೇ ಹೋಗಿದೆ.

ಬೋರ್ಡಿಗೆ ಏನೂ ಆಗಿರಲಿಲ್ಲ. ತಪ್ಪು ಕೇಬಲ್, ಬೇರೆ ತಂತ್ರಾಂಶ ವಶಪಡಿಸಿಕೊಂಡಿದ್ದ ಡ್ರೈವರ್, ತಪ್ಪು ಬಗೆಯ ಫರ್ಮ್‌ವೇರ್ ಫೈಲ್, ಬೇರೆಯವರ ಡಿಎಂಆರ್ ಐಡಿ, ಅರ್ಧ ತಿದ್ದಿದ ಕೋಡ್‌ಪ್ಲಗ್, ಕೊನೆಗೆ ಹಾಟ್‌ಸ್ಪಾಟಿನ ಆವರ್ತನದ ಸಣ್ಣ ಜಾರಾಟ, ಇಷ್ಟೂ ಒಂದರ ಮೇಲೊಂದು ಬಿದ್ದಿದ್ದವು. ಒಂದಕ್ಕೊಂದು ಸಂಬಂಧವಿಲ್ಲದ ಇವೆಲ್ಲ ಫರ್ಮ್‌ವೇರ್ ಹಾಕಿದ ಮೇಲೆಯೇ ಕಾಣಿಸಿಕೊಂಡಿದ್ದರಿಂದ ಅಪವಾದ ಫರ್ಮ್‌ವೇರಿನ ತಲೆಗೆ ಬಂದಿತ್ತು.

ಮತ್ತೊಮ್ಮೆ ಫ್ಲ್ಯಾಶ್ ಮಾಡುವ ಮುನ್ನ

ಯಾವ ಮಾಹಿತಿ ಎಲ್ಲಿ ಕೂತಿದೆ ಎಂದು ಗೊತ್ತಿದ್ದರೆ ಅರ್ಧ ಗಾಬರಿ ಇಳಿಯುತ್ತದೆ. ಈ ಸೆಟ್ಟಿನ ಮೆದುಳು ಎಸ್‌ಟಿಎಂ32ಎಫ್405 ಮೈಕ್ರೊಕಂಟ್ರೋಲರ್, ಅದರೊಳಗೆ 1 ಎಂಬಿ ಫ್ಲ್ಯಾಶ್. ಆ ಫ್ಲ್ಯಾಶಿನ ಮೊದಲ 48 ಕೆಬಿಯಲ್ಲಿ ಬೂಟ್‌ಲೋಡರ್ (ಸೆಟ್ ಆನ್ ಆದಾಗ ಮೊದಲು ಓಡುವ ಪುಟ್ಟ ತಂತ್ರಾಂಶ) ಇದೆ, ಫರ್ಮ್‌ವೇರ್ ಶುರುವಾಗುವುದು ಅದರ ನಂತರ. ನಾವು ಹಾಕುವ ಅಪ್‌ಡೇಟ್ ಬೂಟ್‌ಲೋಡರನ್ನು ಮುಟ್ಟುವುದಿಲ್ಲ. ಆದ್ದರಿಂದಲೇ ಅಪ್‌ಡೇಟ್ ಅರ್ಧಕ್ಕೆ ನಿಂತು ಪರದೆ ಕಪ್ಪಾದರೂ ಸೆಟ್ ಸತ್ತಂತಲ್ಲ. ಬೂಟ್‌ಲೋಡರಿಗೆ ಇಳಿದು ಮತ್ತೆ ಬರೆಯಬಹುದು. ಕೋಡ್‌ಪ್ಲಗ್, ಸಂಪರ್ಕಗಳ ಪಟ್ಟಿ, ರೆಕಾರ್ಡಿಂಗ್ ಇವೆಲ್ಲ ಇರುವುದು ಪಕ್ಕದ ಬೇರೆ 16 ಎಂಬಿ ಫ್ಲ್ಯಾಶ್ ಚಿಪ್‌ನಲ್ಲಿ. ಕಾರ್ಖಾನೆಯಲ್ಲಿ ಆ ಒಂದು ಸೆಟ್ಟಿಗೆಂದೇ ಹೊಂದಿಸಿದ ಕ್ಯಾಲಿಬ್ರೇಶನ್ ಅಂಕಿಗಳೂ ಅದೇ ಹೊರಗಿನ ಚಿಪ್‌ನಲ್ಲಿವೆ.

ಇದರ ಅರ್ಥವಿಷ್ಟೇ: ಕೋಡ್‌ಪ್ಲಗ್ಗಿನ ದೋಷವನ್ನು ಫರ್ಮ್‌ವೇರ್ ಮತ್ತೆ ಮತ್ತೆ ಹಾಕಿ ಸರಿಪಡಿಸಲು ಬರುವುದಿಲ್ಲ, ಎರಡೂ ಬೇರೆ ಬೇರೆ ಚಿಪ್‌ಗಳಲ್ಲಿವೆ. ಎಫ್‌ಎಂ ಸರಿಯಾಗಿ ನಡೆಯುತ್ತಿದೆ, ಮೆನು ತೆರೆಯುತ್ತಿದೆ, ಕೀಲಿಗಳು ಕೆಲಸ ಮಾಡುತ್ತಿವೆ ಎಂದಾದರೆ ಫರ್ಮ್‌ವೇರ್ ಪೂರ್ತಿ ಕೂತಿದೆ ಎಂದೇ ತಿಳಿಯಬೇಕು. ಈ ಸೆಟ್ಟಿನಲ್ಲಿ ಮೂರೂ ಸರಿ ಇದ್ದವು. ಹಾಗಾಗಿ ಮೊದಲ ನಿರ್ಧಾರ, ಫ್ಲ್ಯಾಶ್ ಮಾಡುವ, ಅಂದರೆ ಫರ್ಮ್‌ವೇರ್ ಬರೆಯುವ, ತಂತ್ರಾಂಶವನ್ನು ಸದ್ಯಕ್ಕೆ ತೆರೆಯಬಾರದು. ಕಂಪ್ಯೂಟರ್ ಕಡೆಯಿಂದ ಒಂದೊಂದೇ ಮೆಟ್ಟಿಲು ಹತ್ತಬೇಕು: ಕೇಬಲ್, ಡ್ರೈವರ್, ಫರ್ಮ್‌ವೇರ್ ಬಗೆ, ಕೋಡ್‌ಪ್ಲಗ್, ಹಾಟ್‌ಸ್ಪಾಟ್. ಒಂದು ಸರಿಯಾಗಿದೆ ಎಂದು ಖಾತ್ರಿಯಾಗದೆ ಮುಂದಿನದಕ್ಕೆ ಕೈ ಹಾಕಿದರೆ ಯಾವ ಬದಲಾವಣೆಯಿಂದ ಏನಾಯಿತೆಂದು ಗೊತ್ತಾಗುವುದಿಲ್ಲ.

ಕೇಬಲ್

ಎರಡನೆಯದಾಗಿ ತಂದ ಕೇಬಲ್ ಬಾವೊಫೆಂಗ್ ಅನಲಾಗ್ ಸೆಟ್ಟುಗಳದ್ದು. ತುದಿ ನೋಡಿದರೆ ವ್ಯತ್ಯಾಸವೇ ತಿಳಿಯುವುದಿಲ್ಲ. ಎರಡರಲ್ಲೂ ಕೆನ್‌ವುಡ್ ಮಾದರಿಯ ಅವಳಿ ಪಿನ್, ಒಂದು 3.5 ಮಿಮೀ, ಇನ್ನೊಂದು 2.5 ಮಿಮೀ. ವ್ಯತ್ಯಾಸ ಇರುವುದು ಒಳಗೆ. ಅನಲಾಗ್ ಸೆಟ್ಟಿನ ಕೇಬಲ್ಲಿನ ಯುಎಸ್‌ಬಿ ತುದಿಯಲ್ಲಿ ಪಿಎಲ್2303 ಅಥವಾ ಸಿಎಚ್340 ತರಹದ ಪರಿವರ್ತಕ ಚಿಪ್ ಇದ್ದು, ಅದು ಯುಎಸ್‌ಬಿಯನ್ನು ಸೀರಿಯಲ್ ಆಗಿ ಬದಲಿಸುತ್ತದೆ. ಎಂಡಿ-ಯುವಿ380 ಕೇಬಲ್ಲಿನಲ್ಲಿ ಯಾವ ಚಿಪ್ಪೂ ಇಲ್ಲ. ಯುಎಸ್‌ಬಿಯ ಡೇಟಾ ತಂತಿಗಳೇ ನೇರವಾಗಿ ಪಿನ್‌ಗಳಿಗೆ ಬರುತ್ತವೆ, ಯುಎಸ್‌ಬಿ ಮಾತನಾಡುವುದು ಸೆಟ್ಟಿನೊಳಗಿನ ಮೈಕ್ರೊಕಂಟ್ರೋಲರ್.

ಪರೀಕ್ಷೆಗೆ ಸೆಟ್ಟೇ ಬೇಡ. ಕೇಬಲ್ಲನ್ನು ಮಾತ್ರ ಕಂಪ್ಯೂಟರಿಗೆ ಚುಚ್ಚಿ. ವಿಂಡೋಸ್ ಟಿಣ್ ಎಂದು ಸದ್ದು ಮಾಡಿ ಡಿವೈಸ್ ಮ್ಯಾನೇಜರಿನಲ್ಲಿ ಹೊಸ ಕಾಮ್ ಪೋರ್ಟ್ ಬಂದರೆ ಅದು ಅನಲಾಗ್ ಸೆಟ್ಟಿನ ಕೇಬಲ್; ಈ ಸೆಟ್ಟಿಗೆ ಎಷ್ಟು ಹೊತ್ತು ಇಟ್ಟರೂ ಉಪಯೋಗವಿಲ್ಲ. ಸರಿಯಾದ ಕೇಬಲ್ಲಾದರೆ ಸೆಟ್ ಜೋಡಿಸಿ ಆನ್ ಮಾಡುವವರೆಗೆ ಕಂಪ್ಯೂಟರಿಗೆ ಸುಳಿವೇ ಇರುವುದಿಲ್ಲ. ಇಲ್ಲಿ ಕಾಮ್ ಪೋರ್ಟ್ ಕಂಡದ್ದನ್ನೇ ಶುಭ ಸೂಚನೆ ಎಂದುಕೊಂಡು ಪೋರ್ಟ್ ಸಂಖ್ಯೆ ಬದಲಿಸುತ್ತ ಸಮಯ ಹೋಗಿತ್ತು. ಎಂಡಿ-ಯುವಿ380 ಸಿಪಿಎಸ್‌ಗೆ ಕಾಮ್ ಪೋರ್ಟಿನ ಗೊಡವೆಯೇ ಇಲ್ಲ.

ಇನ್ನೊಂದು ವಿಷಯ ಕಣ್ಣಿಟ್ಟು ನೋಡಬೇಕು. ಪ್ಲಗ್ ಒತ್ತಿದಾಗ ಅದರ ಪ್ಲಾಸ್ಟಿಕ್ ಭುಜ ಸೆಟ್ಟಿನ ಮೈಗೆ ತಾಗಬೇಕು. ರಬ್ಬರ್ ಮುಚ್ಚಳದ ಅಂಚು ಕೆಳಗೆ ಸಿಕ್ಕಿಕೊಂಡರೆ, ಇಲ್ಲವೇ ಸೆಟ್ಟಿಗೆ ಚರ್ಮದ ಕವಚ ಹಾಕಿದ್ದರೆ, ಪಿನ್‌ಗಳ ಬುಡದಲ್ಲಿ ಕೂದಲೆಳೆಯಷ್ಟು ಲೋಹ ಕಾಣುತ್ತಿರುತ್ತದೆ. ಅಷ್ಟು ಸಾಕು, ಒಂದು ಡೇಟಾ ತಂತಿ ತಾಗದೆ ವಿಂಡೋಸ್ ಗುರುತಿಸಲಾಗದ ಸಾಧನ ಎಂದು ದೂರುತ್ತದೆ. ಕವಚ ತೆಗೆದು, ಮುಚ್ಚಳವನ್ನು ಪೂರ್ತಿ ಪಕ್ಕಕ್ಕೆ ಮಡಚಿ, ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಬೇಕು. ಹಬ್ ಬೇಡ, ಕಂಪ್ಯೂಟರಿನದೇ ಪೋರ್ಟ್ ಒಳ್ಳೆಯದು.

ಡ್ರೈವರ್: ಡ್ರೋನ್ ಬಿಟ್ಟುಹೋದ ಗುರುತು

ಮೂಲ ಕೇಬಲ್ ಸರಿಯಾಗಿ ಕೂರಿಸಿ ಸೆಟ್ ಆನ್ ಮಾಡಿದಾಗ ಮಾಲೀಕರ ಲ್ಯಾಪ್‌ಟಾಪ್ ಸದ್ದು ಮಾಡಿತು, ಅಂದರೆ ತಂತಿ ಸರಿ. ಡಿವೈಸ್ ಮ್ಯಾನೇಜರಿನಲ್ಲಿ ಸೆಟ್ ಕಾಣಿಸಿಕೊಂಡ ಹೆಸರು ಮಾತ್ರ ಎಸ್‌ಟಿಎಂ32 ಬೂಟ್‌ಲೋಡರ್ ಎಂದು. ಸಿಪಿಎಸ್ ಜೊತೆ ಬರುವ ಡ್ರೈವರ್ ಕೂತಿದ್ದರೆ ಡಿಜಿಟಲ್ ರೇಡಿಯೊ ಇನ್ ಯುಎಸ್‌ಬಿ ಮೋಡ್ ಎಂದಿರಬೇಕಿತ್ತು. ಹೀಗೇಕಾಯಿತೆಂದರೆ, ಟಿವೈಟಿ ಸೆಟ್ಟುಗಳು ಯುಎಸ್‌ಬಿಯಲ್ಲಿ ತಮ್ಮನ್ನು ಪರಿಚಯಿಸಿಕೊಳ್ಳುವುದು 0483 ಮತ್ತು ಡಿಎಫ್11 ಎಂಬ ಜೋಡಿ ಸಂಖ್ಯೆಯಿಂದ. ಎಸ್‌ಟಿ ಮೈಕ್ರೊಎಲೆಕ್ಟ್ರಾನಿಕ್ಸ್ ತನ್ನ ಚಿಪ್‌ಗಳ ಡಿಎಫ್‌ಯು (ಯುಎಸ್‌ಬಿಯಿಂದ ಫರ್ಮ್‌ವೇರ್ ಬರೆಸಿಕೊಳ್ಳುವ) ಸ್ಥಿತಿಗೆ ಇಟ್ಟಿರುವ ಸಾಮಾನ್ಯ ಗುರುತು ಅದು. ಡ್ರೋನ್‌ಗಳ ಫ್ಲೈಟ್ ಕಂಟ್ರೋಲರ್‌ಗಳೂ ಫ್ಲ್ಯಾಶ್ ಆಗುವಾಗ ಇದೇ ಗುರುತು ತೋರಿಸುತ್ತವೆ. ಈ ಲ್ಯಾಪ್‌ಟಾಪಿನಲ್ಲಿ ಹಿಂದೊಮ್ಮೆ ಡ್ರೋನ್‌ಗೆ ಬೀಟಾಫ್ಲೈಟ್ ಹಾಕುವಾಗ ಝಡಿಗ್ ಎಂಬ ತಂತ್ರಾಂಶದಿಂದ ವಿನ್‌ಯುಎಸ್‌ಬಿ ಡ್ರೈವರ್ ಕೂರಿಸಲಾಗಿತ್ತು. ಅಂದಿನಿಂದ ಆ ಗುರುತಿನ ಯಾವ ಸಾಧನ ಬಂದರೂ ವಿಂಡೋಸ್ ಅದನ್ನು ವಿನ್‌ಯುಎಸ್‌ಬಿಗೆ ಒಪ್ಪಿಸುತ್ತಿತ್ತು. ಸಿಪಿಎಸ್ ಹುಡುಕುವುದು ತನ್ನ ಡ್ರೈವರನ್ನು, ಅದು ಸಿಗದಿದ್ದರೆ ಸೆಟ್ಟೇ ಇಲ್ಲ ಎನ್ನುತ್ತದೆ. ಸ್ನೇಹಿತರ ಕಂಪ್ಯೂಟರಿನಲ್ಲಿ ಡ್ರೋನ್ ಕೆಲಸ ಎಂದೂ ನಡೆದಿರಲಿಲ್ಲ, ಅಲ್ಲಿ ಎಲ್ಲವೂ ಸಲೀಸು.

ಪರಿಹಾರ ಹೀಗಿದೆ. ಸೆಟ್ ಆನ್ ಆಗಿ ಜೋಡಿಸಿರುವಾಗ ಡಿವೈಸ್ ಮ್ಯಾನೇಜರಿನಲ್ಲಿ ಆ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಅಪ್‌ಡೇಟ್ ಡ್ರೈವರ್ ಆರಿಸಿ. ತಾನಾಗಿ ಹುಡುಕುವ ಆಯ್ಕೆ ಬೇಡ. ಈ ಕಂಪ್ಯೂಟರಿನಲ್ಲಿ ಹುಡುಕು ಎಂಬುದನ್ನು ಒತ್ತಿ, ಅದರೊಳಗೆ ಪಟ್ಟಿಯಿಂದ ಆರಿಸುವ ಆಯ್ಕೆಗೆ ಹೋದರೆ ಎರಡೂ ಡ್ರೈವರ್‌ಗಳು ಕಾಣುತ್ತವೆ. ಡಿಜಿಟಲ್ ರೇಡಿಯೊದ್ದನ್ನು ಹಿಡಿಯಬೇಕು. ಪಟ್ಟಿಯಲ್ಲಿ ಅದು ಇಲ್ಲದಿದ್ದರೆ ಸಿಪಿಎಸ್ ಇನ್‌ಸ್ಟಾಲ್ ಆದ ಫೋಲ್ಡರಿನಲ್ಲಿರುವ ಡ್ರೈವರನ್ನು ಮೊದಲು ಹಾಕಬೇಕು. ಡ್ರೈವರನ್ನು ಅಳಿಸಿಬಿಡುವ ದಾರಿಯೂ ಇದೆ: ಅನ್‌ಇನ್‌ಸ್ಟಾಲ್ ಮಾಡುವಾಗ ಡ್ರೈವರ್ ತಂತ್ರಾಂಶವನ್ನೂ ಅಳಿಸು ಎಂಬ ಚೌಕಕ್ಕೆ ಟಿಕ್ ಹಾಕದಿದ್ದರೆ, ಕೇಬಲ್ ತೆಗೆದು ಚುಚ್ಚಿದ ಕೂಡಲೇ ಹಳೆಯದೇ ಮರಳಿ ಬರುತ್ತದೆ. ಡ್ರೋನ್ ಕೆಲಸ ಮುಂದೆಯೂ ಇದೆ ಎಂದಾದರೆ ಅಳಿಸುವುದಕ್ಕಿಂತ ಪಟ್ಟಿಯಿಂದ ಆರಿಸುವುದೇ ಮೇಲು, ಬೇಕಾದಾಗ ಅತ್ತಿಂದಿತ್ತ ಬದಲಿಸಿಕೊಳ್ಳಬಹುದು. ಲಿನಕ್ಸ್ ಬಳಸುವವರಿಗೆ ಈ ತಾಪತ್ರಯವಿಲ್ಲ. ಕ್ಯೂಡಿಎಂಆರ್ ಅಥವಾ ಎಡಿಟ್‌ಸಿಪಿ ತಂತ್ರಾಂಶದಿಂದ ಈ ಸೆಟ್ಟನ್ನು ಓದಿ ಬರೆಯಬಹುದು. ಆ ಗುರುತಿನ ಸಾಧನಕ್ಕೆ ಸಾಮಾನ್ಯ ಬಳಕೆದಾರರ ಪ್ರವೇಶ ಕೊಡುವ ಯುಡೆವ್ ನಿಯಮ ಒಂದಿದ್ದರಾಯಿತು.

ಡ್ರೈವರ್ ಬದಲಿಸಿದ ಕೂಡಲೇ ಸಿಪಿಎಸ್ ಸೆಟ್ಟನ್ನು ಓದಿತು. ಓದಿದ್ದನ್ನು, ಅದು ದೋಷದ್ದೇ ಆದರೂ, ದಿನಾಂಕ ಮತ್ತು ಫರ್ಮ್‌ವೇರ್ ಆವೃತ್ತಿ ಸೇರಿಸಿದ ಹೆಸರಿನಲ್ಲಿ ಉಳಿಸಲಾಯಿತು. ಕೆಟ್ಟ ಸ್ಥಿತಿಯ ನಕಲೂ ಸಾಕ್ಷ್ಯವೇ, ಆಮೇಲೆ ಹೋಲಿಸಿ ನೋಡಲು ಬೇಕಾಗುತ್ತದೆ.

ನಾಲ್ಕು ಫೈಲುಗಳಲ್ಲಿ ಯಾವುದು

ಮೆನುವಿನಲ್ಲಿ ಯುಟಿಲಿಟೀಸ್, ಅದರೊಳಗೆ ರೇಡಿಯೊ ಇನ್ಫೋ, ಅದರೊಳಗೆ ವರ್ಷನ್ಸ್‌ಗೆ ಹೋದರೆ ಫರ್ಮ್‌ವೇರ್ ಆವೃತ್ತಿ ತಿಳಿಯುತ್ತದೆ. ಅದಕ್ಕೂ ಮೊದಲೇ ಸುಳಿವು ಕಣ್ಣೆದುರಿಗಿತ್ತು. ಈ ಸೆಟ್ಟಿನಲ್ಲಿ ಜಿಪಿಎಸ್ ಮಾಡ್ಯೂಲ್ ಇಲ್ಲ, ಮೆನುವಿನಲ್ಲಿ ಜಿಪಿಎಸ್ ಇತ್ತು. ಮಹಡಿಯ ಮೇಲೆ ಎಷ್ಟು ಹೊತ್ತು ನಿಂತರೂ ಅದಕ್ಕೆ ಉಪಗ್ರಹ ಸಿಗುವುದಿಲ್ಲ.

ಈ ಮಾದರಿಯ ಫರ್ಮ್‌ವೇರ್ ಕಟ್ಟಿನಲ್ಲಿ ನಾಲ್ಕು ಬಗೆಯ ಫೈಲುಗಳಿರುತ್ತವೆ: ಜಿಪಿಎಸ್ ಇರುವ ಸೆಟ್ಟಿಗೆ ರೆಕಾರ್ಡಿಂಗ್ ಬಗೆ, ಸಿಎಸ್‌ವಿ ಬಗೆ, ಜಿಪಿಎಸ್ ಇಲ್ಲದ ಸೆಟ್ಟಿಗೆ ಮತ್ತೆ ಅವೆರಡೇ. ಆವೃತ್ತಿ ಸಂಖ್ಯೆ ಎಲ್ಲದರಲ್ಲೂ ಒಂದೇ ಇರುವುದರಿಂದ ಸಂಖ್ಯೆ ಮಾತ್ರ ನೋಡಿದವರಿಗೆ ಮೋಸವಾಗುತ್ತದೆ. ಫ್ಲ್ಯಾಶ್ ಮಾಡುವ ತಂತ್ರಾಂಶವೂ ತಪ್ಪು ಬಗೆಯನ್ನು ತಡೆಯದೆ ಬರೆದುಬಿಟ್ಟಿತ್ತು. ಆದ್ದರಿಂದ ಹೊಸದನ್ನು ಹಾಕುವ ಮುಂಚೆ ಪರದೆಯಲ್ಲಿ ಕಾಣುವ ಹಳೆಯ ಆವೃತ್ತಿಯನ್ನು, ಸಂಖ್ಯೆಯ ಮುಂದಿನ ಅಕ್ಷರದ ಸಮೇತ, ಫೋಟೊ ತೆಗೆದಿಟ್ಟುಕೊಳ್ಳಬೇಕು. ಬಗೆಯ ಗುಟ್ಟು ಆ ಅಕ್ಷರದಲ್ಲೇ ಇದೆ.

ಫ್ಲ್ಯಾಶ್ ತಂತ್ರಾಂಶ ತೆರೆದದ್ದು ಈಗ, ಒಂದೇ ಬಾರಿ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಸೆಟ್ ಆಫ್ ಮಾಡಿ, ಕೇಬಲ್ ಜೋಡಿಸಿ. ಪಿಟಿಟಿ (ಮಾತನಾಡಲು ಒತ್ತುವ ಗುಂಡಿ) ಮತ್ತು ಅದರ ಮೇಲಿನ ಗುಂಡಿ ಎರಡನ್ನೂ ಒಟ್ಟಿಗೆ ಒತ್ತಿ ಹಿಡಿದು ಸೆಟ್ ಆನ್ ಮಾಡಿ. ಪರದೆ ಕಪ್ಪಾಗಿಯೇ ಇದ್ದು, ಮೇಲಿನ ದೀಪ ಕೆಂಪು, ಹಸಿರು, ಕೆಂಪು, ಹಸಿರು ಎಂದು ಸರದಿಯಲ್ಲಿ ಮಿನುಗತೊಡಗಿದರೆ ಬೂಟ್‌ಲೋಡರ್ ಸಿಕ್ಕಿತು, ಗುಂಡಿ ಬಿಡಬಹುದು. ಪಿಟಿಟಿಯ ಕೆಳಗಿನ ಗುಂಡಿ ಹಿಡಿಯುವ ತಪ್ಪು ಸಾಮಾನ್ಯ. ಆಗ ದೀಪ ಮಿನುಗದೆ ಸೆಟ್ ಮಾಮೂಲಿನಂತೆ ತೆರೆದುಕೊಳ್ಳುತ್ತದೆ. ಜಿಪಿಎಸ್ ಇಲ್ಲದ ಸಿಎಸ್‌ವಿ ಬಗೆಯ ಫೈಲ್ ಆರಿಸಿ ಡೌನ್‌ಲೋಡ್ ಒತ್ತಿ, ಮುಗಿದ ಸಂದೇಶ ಬರುವವರೆಗೆ ಸೆಟ್, ಕೇಬಲ್ ಯಾವುದನ್ನೂ ಮುಟ್ಟಬಾರದು. ಆಮೇಲೆ ಆಫ್ ಮಾಡಿ ಆನ್ ಮಾಡಿದಾಗ ಜಿಪಿಎಸ್ ಮೆನು ಮಾಯವಾಗಿತ್ತು.

ಡಿಎಂಆರ್ ಸದ್ದು ಇನ್ನೂ ಇರಲಿಲ್ಲ. ಇರಬೇಕೆಂದು ನಿರೀಕ್ಷೆಯೂ ಇರಲಿಲ್ಲ, ಕೋಡ್‌ಪ್ಲಗ್ ಇನ್ನೂ ಆ ಅರ್ಧ ತಿದ್ದಿದ್ದೇ ಅಲ್ಲವೇ.

ಅರ್ಧ ತಿದ್ದಿದ ಕೋಡ್‌ಪ್ಲಗ್

ಸಿದ್ಧ ಕೋಡ್‌ಪ್ಲಗ್ ಎಂದರೆ ಬೇರೊಬ್ಬರಿಗೆ ಹೊಲಿಸಿದ ಅಂಗಿ. ಒಂದು ಕಡೆ ಬಿಗಿ ಸಡಿಲಿಸಿದರೆ ಮೈಗೆ ಕೂರುವುದಿಲ್ಲ. ಇದರಲ್ಲಿ ಎಲ್ಲಕ್ಕಿಂತ ಗಂಭೀರವಾದದ್ದು ಡಿಎಂಆರ್ ಐಡಿ. ಭಾರತದ ಹ್ಯಾಮ್‌ಗಳಿಗೆ ಸಿಗುವ ಐಡಿ 404ರಿಂದ ಶುರುವಾಗುವ 7 ಅಂಕಿಗಳದ್ದು. ಸೆಟ್ಟಿನಲ್ಲಿ ಕೂತಿದ್ದದ್ದು ಆ ಅಮೆರಿಕದ ಹ್ಯಾಮ್‌ರ ಐಡಿ. ಹಾಟ್‌ಸ್ಪಾಟಿನ ಸಿಒಎಸ್ ದೀಪ (ಅಲೆ ಬಂದದ್ದನ್ನು ತೋರಿಸುವ ದೀಪ) ಪಿಟಿಟಿ ಒತ್ತಿದಾಗಲೆಲ್ಲ ಹತ್ತುತ್ತಿತ್ತು, ಪೈ-ಸ್ಟಾರ್ ಪುಟದಲ್ಲಿ ಮಾತ್ರ ಕಾಲ್‌ಸೈನ್ ಬರುತ್ತಿರಲಿಲ್ಲ. ಪೈ-ಸ್ಟಾರ್‌ನ ನೋಡ್ ಟೈಪ್ ಪ್ರೈವೇಟ್ ಎಂದಿದ್ದರೆ ಮಾಲೀಕರ ಐಡಿ ಬಿಟ್ಟು ಬೇರೆ ಯಾರ ಐಡಿಯಿಂದ ಮಾತು ಬಂದರೂ ಅದು ಜಾಲಕ್ಕೆ ಬಿಡುವುದಿಲ್ಲ. ಎಂಎಂಡಿವಿಎಂ ಲಾಗ್ ತೆರೆದು ನೋಡಿದರೆ ಆ ಬಳಕೆದಾರನನ್ನು ತಿರಸ್ಕರಿಸಿದ ಸಾಲು, ತಿರಸ್ಕೃತ ಐಡಿಯ ಸಮೇತ, ಸಿಗುತ್ತದೆ. ಇವರ ಮಾತು ಜಾಲ ತಲುಪದೇ ಇದ್ದದ್ದು ಇದರಿಂದ. ನಿಜ ಹೇಳಬೇಕೆಂದರೆ ಆ ಬಾಗಿಲು ಮುಚ್ಚಿದ್ದೇ ಒಳ್ಳೆಯದಾಯಿತು. ಪಬ್ಲಿಕ್ ಎಂದಿದ್ದರೆ ಇನ್ನೊಬ್ಬರ ಗುರುತಿನಲ್ಲಿ ಪ್ರಸಾರ ಮಾಡಿದಂತಾಗುತ್ತಿತ್ತು. ಲಾಗ್‌ನಲ್ಲಿ ಇಂಥ ಸಾಲು ಕಂಡಾಗ ನೋಡ್ ಟೈಪ್ ಬದಲಿಸಿ ತಪ್ಪಿಸಿಕೊಳ್ಳಲು ನೋಡಬೇಡಿ, ಐಡಿ ತಿದ್ದಿ.

ಆವರ್ತನಗಳದ್ದೂ ಹೀಗೆಯೇ. ಭಾರತದಲ್ಲಿ ಹ್ಯಾಮ್‌ಗಳಿಗೆ ಈ ಸೆಟ್ಟಿನ ವ್ಯಾಪ್ತಿಯಲ್ಲಿ ಇರುವುದು 144ರಿಂದ 146 ಮೆಗಾಹರ್ಟ್ಸ್ ಮತ್ತು 434ರಿಂದ 438 ಮೆಗಾಹರ್ಟ್ಸ್. ಅಮೆರಿಕದ ಕೋಡ್‌ಪ್ಲಗ್ಗಿನಲ್ಲಿ 146ರಿಂದ 148ರ ನಡುವಿನ ರಿಪೀಟರ್‌ಗಳು, 440ರಿಂದ 450ರ ನಡುವಿನ ಚಾನೆಲ್‌ಗಳು ತುಂಬಿರುತ್ತವೆ. ಸೆಟ್ 136ರಿಂದ 174, 400ರಿಂದ 480 ಮೆಗಾಹರ್ಟ್ಸ್‌ವರೆಗೆ ಒಪ್ಪುತ್ತದೆ, ಅದು ತಡೆಯುವುದಿಲ್ಲ. ಗುಂಡಿ ತಿರುಗಿ ಆ ಚಾನೆಲ್ಲಿಗೆ ಬಂದು ಪಿಟಿಟಿ ಒತ್ತಿದರೆ ಹೊಣೆ ಪರವಾನಗಿ ಇರುವವರದ್ದು. ಅವೆಲ್ಲವನ್ನೂ ಅಳಿಸಲಾಯಿತು. ಹಾಟ್‌ಸ್ಪಾಟನ್ನು 434ರಿಂದ 435 ಮೆಗಾಹರ್ಟ್ಸ್ ನಡುವೆ ಇಡುವುದು ಸೂಕ್ತ, ಏಕೆಂದರೆ 435ರಿಂದ 438 ಹವ್ಯಾಸಿ ಉಪಗ್ರಹಗಳು ಬಳಸುವ ಭಾಗ, ಅಲ್ಲಿ ಹಗಲಿಡೀ ಗುನುಗುವ ಹಾಟ್‌ಸ್ಪಾಟ್ ಬೇಡ.

ಹಾಟ್‌ಸ್ಪಾಟ್ ಚಾನೆಲ್ಲಿಗೆ ಕೊನೆಗೆ ನಿಂತ ಅಂಕಿಗಳಿವು: ಕೇಳುವ ಮತ್ತು ಕಳಿಸುವ ಆವರ್ತನ ಒಂದೇ, ಏಕೆಂದರೆ ಇದು ಒಂದೇ ಆಂಟೆನಾದ ಸಿಂಪ್ಲೆಕ್ಸ್ ಹಾಟ್‌ಸ್ಪಾಟ್. ಕಲರ್ ಕೋಡ್ (ಎರಡೂ ಕಡೆ ಹೊಂದಬೇಕಾದ ಸಂಖ್ಯೆ) 1, ಪೈ-ಸ್ಟಾರ್‌ನಲ್ಲಿ ಇರುವುದೂ 1. ಸ್ಲಾಟ್ (ಡಿಎಂಆರ್ ಒಂದೇ ಆವರ್ತನವನ್ನು ಹಂಚುವ ಎರಡು ಸರದಿಗಳಲ್ಲಿ ಒಂದು) 2. ಅಡ್ಮಿಟ್ ಕ್ರೈಟೀರಿಯಾ (ಯಾವಾಗ ಕಳಿಸಬಹುದು ಎಂಬ ಷರತ್ತು) ಆಲ್ವೇಸ್. ಪ್ರೈವಸಿ ನನ್, ಹವ್ಯಾಸಿ ರೇಡಿಯೊದಲ್ಲಿ ಗೂಢಲಿಪಿಗೆ ಅವಕಾಶವಿಲ್ಲ. ಪವರ್ ಲೋ. ಐದು ವ್ಯಾಟ್ ಬಿಟ್ಟು ಅದೇ ಮೇಜಿನ ಮೇಲಿರುವ ಹಾಟ್‌ಸ್ಪಾಟಿಗೆ ಮಾತನಾಡಿದರೆ ಅದರ ಪುಟ್ಟ ರಿಸೀವರಿಗೆ ತಡೆದುಕೊಳ್ಳಲಾಗುವುದಿಲ್ಲ. ಸಿದ್ಧ ಕೋಡ್‌ಪ್ಲಗ್ಗಿನ ಚಾನೆಲ್ ಸ್ಲಾಟ್ 1ರಲ್ಲಿತ್ತು, ಅದೂ ಒಂದು ದೋಷ.

ಪ್ಯಾರಟ್ ಏನು ಹೇಳಿತು

ಐಡಿ, ಸ್ಲಾಟ್ ತಿದ್ದಿದ ಮೇಲೆ ಪೈ-ಸ್ಟಾರ್ ಪುಟದಲ್ಲಿ ಇವರ ಕಾಲ್‌ಸೈನ್ ಬರತೊಡಗಿತು. ಟಾಕ್‌ಗ್ರೂಪ್ 404ರಲ್ಲಿ ಯಾರೋ ಮಾತನಾಡುತ್ತಿರುವುದೂ ಅದೇ ಪುಟದಲ್ಲಿ ಕಾಣುತ್ತಿತ್ತು, ಸೆಟ್ಟಿನ ಹಸಿರು ದೀಪವೂ ಹತ್ತುತ್ತಿತ್ತು. ಸದ್ದು ಮಾತ್ರ ಇಲ್ಲ. ಧ್ವನಿ ಬಿಡಿಸುವ ಭಾಗವೇ ಹಾಳಾಗಿದೆಯೇ ಎಂಬ ಅನುಮಾನ ಇಲ್ಲಿ ಸಹಜವಾಗಿ ಬರುತ್ತದೆ. ಆ ಅನುಮಾನವನ್ನು ಒಂದೇ ಕರೆಯಲ್ಲಿ ಬಗೆಹರಿಸಬಹುದು.

ಬ್ರ್ಯಾಂಡ್‌ಮೈಸ್ಟರ್ ಜಾಲದಲ್ಲಿ 9990 ಪ್ಯಾರಟ್. ಅದಕ್ಕೆ ಪ್ರೈವೇಟ್ ಕಾಲ್ ಮಾಡಿ ನಾಲ್ಕು ಮಾತಾಡಿ ಪಿಟಿಟಿ ಬಿಟ್ಟರೆ ಸ್ವಲ್ಪ ತಡೆದು ನಿಮ್ಮ ಮಾತನ್ನೇ ನಿಮಗೆ ಹಿಂದಿರುಗಿಸುತ್ತದೆ. ಸಂಪರ್ಕಗಳಲ್ಲಿ 9990 ಸೇರಿಸುವಾಗ ಬಗೆ ಪ್ರೈವೇಟ್ ಎಂದೇ ಇರಬೇಕು, ಗ್ರೂಪ್ ಎಂದಲ್ಲ. ಇಲ್ಲಿ ಪ್ಯಾರಟ್ ಸ್ಪಷ್ಟವಾಗಿ ಮಾತು ಹಿಂದಿರುಗಿಸಿತು. ಮೈಕ್, ಧ್ವನಿ ಕೋಡೆಕ್, ಸ್ಪೀಕರ್, ಹಾಟ್‌ಸ್ಪಾಟ್, ಜಾಲದ ಎರಡೂ ದಿಕ್ಕು, ಎಲ್ಲವೂ ಒಂದೇ ಏಟಿಗೆ ನಿರ್ದೋಷಿಗಳಾದವು. ಪ್ರೈವೇಟ್ ಕಾಲ್ ಕೇಳಿಸುತ್ತದೆ, ಗ್ರೂಪ್ ಕಾಲ್ ಕೇಳಿಸುವುದಿಲ್ಲ ಎಂದರೆ ಉಳಿಯುವ ಆರೋಪಿ ಒಂದೇ: ಆರ್‌ಎಕ್ಸ್ ಗ್ರೂಪ್ ಲಿಸ್ಟ್.

ಡಿಎಂಆರ್ ಸೆಟ್ ಗಾಳಿಯಲ್ಲಿ ಬರುವ ಗ್ರೂಪ್ ಕಾಲ್‌ಗಳಲ್ಲಿ ಆ ಚಾನೆಲ್ಲಿಗೆ ಕಟ್ಟಿದ ಗ್ರೂಪ್ ಲಿಸ್ಟಿನಲ್ಲಿ ಹೆಸರಿರುವ ಟಾಕ್‌ಗ್ರೂಪುಗಳಿಗೆ ಮಾತ್ರ ಸ್ಪೀಕರ್ ತೆರೆಯುತ್ತದೆ. ಪ್ರೈವೇಟ್ ಕಾಲ್‌ಗೆ ಈ ಪಟ್ಟಿ ಬೇಕಿಲ್ಲ, ತನ್ನ ಐಡಿಗೆ ಬಂದಿದ್ದರೆ ಸಾಕು. ಮಾಲೀಕರು ಚಾನೆಲ್ಲಿನಲ್ಲಿ ಕಳಿಸುವ ಸಂಪರ್ಕವನ್ನು 404 ಎಂದು ತಿದ್ದಿದ್ದರು. ಕೇಳುವ ಪಟ್ಟಿಯಲ್ಲಿ ಅಮೆರಿಕದ ರಾಜ್ಯಗಳ ಟಾಕ್‌ಗ್ರೂಪುಗಳೇ ಉಳಿದಿದ್ದವು. ಅಲೆ ಬಂದಿದ್ದಕ್ಕೆ ದೀಪ ಹತ್ತಿತು, ಪಟ್ಟಿಯಲ್ಲಿ ಇಲ್ಲದ್ದಕ್ಕೆ ಸ್ಪೀಕರ್ ಮುಚ್ಚಿಕೊಂಡಿತು. ಹೊಸ ಗ್ರೂಪ್ ಲಿಸ್ಟ್ ಮಾಡಿ ಅದಕ್ಕೆ 404 ಸೇರಿಸಿ, ಚಾನೆಲ್ಲಿನಲ್ಲಿ ಆ ಲಿಸ್ಟ್ ಆರಿಸಿ ಬರೆದ ಕೂಡಲೇ ಮಾತು ಬಂತು. ಒಂದು ಲಿಸ್ಟಿನಲ್ಲಿ 32 ಟಾಕ್‌ಗ್ರೂಪುಗಳಿಗೆ ಜಾಗವಿದೆ, ಕೇಳಬೇಕೆನಿಸುವುದನ್ನೆಲ್ಲ ಒಂದರಲ್ಲೇ ಹಾಕಬಹುದು.

ಫರ್ಮ್‌ವೇರ್ ಹಾಳಾಯಿತು ಎಂದು ದೂರುವ ಸೆಟ್ಟುಗಳನ್ನು ಮೊದಲು ಈ ಪರೀಕ್ಷೆಗೆ ಒಡ್ಡಬೇಕು. ಇದಕ್ಕೆ ಉಪಕರಣ ಬೇಡ, ಬಿಚ್ಚುವುದು ಬೇಡ. ಪ್ಯಾರಟ್ ಮಾತು ಹಿಂದಿರುಗಿಸಿದರೆ ಬೋರ್ಡಿನ ಮೇಲೆ ಸ್ಕ್ರೂಡ್ರೈವರ್ ಇಡುವ ಕಾರಣವೇ ಇಲ್ಲ.

ಹಾಟ್‌ಸ್ಪಾಟಿನ ಜಾರಾಟ

ಮಾತು ಬಂತು, ಆದರೆ ಈ ಕಡೆಯಿಂದ ಹೋಗುವ ಮಾತು ಆಗಾಗ ಒಡೆದು ಗೊಗ್ಗರಾಗುತ್ತಿದೆ ಎಂದು ಆ ಕಡೆಯವರು ಹೇಳಿದರು. ಪೈ-ಸ್ಟಾರ್ ಪುಟದಲ್ಲಿ ಬಿಇಆರ್ ಎಂಬ ಅಂಕಣವಿದೆ, ಬಂದ ಬಿಟ್‌ಗಳಲ್ಲಿ ತಪ್ಪಿದ್ದೆಷ್ಟು ಎಂಬ ಶೇಕಡಾ ಲೆಕ್ಕ. ಶೇ. 1ರ ಒಳಗಿದ್ದರೆ ಮಾತು ಸ್ವಚ್ಛ. ಇಲ್ಲಿ ಶೇ. 5ಕ್ಕೂ ಮೇಲಿತ್ತು. ಅಗ್ಗದ ಹಾಟ್‌ಸ್ಪಾಟ್ ಬೋರ್ಡುಗಳ ಆಸಿಲೇಟರ್ (ಆವರ್ತನ ಹುಟ್ಟಿಸುವ ಭಾಗ) ನೂರಾರು ಹರ್ಟ್ಸ್‌ನಷ್ಟು ಅತ್ತಿತ್ತ ಇರುವುದುಂಟು. ಎಫ್‌ಎಂನಲ್ಲಿ ಗೊತ್ತೇ ಆಗದ ಈ ವ್ಯತ್ಯಾಸ ಡಿಎಂಆರ್‌ನ ನಾಲ್ಕು ಹಂತದ ಸಂಕೇತವನ್ನು ಕಲಸಿಬಿಡುತ್ತದೆ.

ಪೈ-ಸ್ಟಾರ್‌ನ ಎಕ್ಸ್‌ಪರ್ಟ್ ವಿಭಾಗದಲ್ಲಿ ಎಂಎಂಡಿವಿಎಂಹೋಸ್ಟ್, ಅದರ ಮೋಡೆಮ್ ಭಾಗದಲ್ಲಿ ಆರ್‌ಎಕ್ಸ್ ಆಫ್‌ಸೆಟ್ ಇದೆ. ಅದನ್ನು 100 ಹರ್ಟ್ಸ್‌ನಂತೆ ಒಂದು ದಿಕ್ಕಿಗೆ ಏರಿಸುತ್ತ, ಪ್ರತಿ ಸಲ ಹತ್ತಿಪ್ಪತ್ತು ಸೆಕೆಂಡು ಪ್ಯಾರಟ್‌ಗೆ ಮಾತಾಡಿ, ಬಿಇಆರ್ ಬರೆದುಕೊಳ್ಳಬೇಕು. ಏರುತ್ತಿದ್ದರೆ ದಿಕ್ಕು ತಪ್ಪು, ಮೈನಸ್ ಕಡೆಗೆ ಹೋಗಿ. ಇಳಿದು ಮತ್ತೆ ಏರಲು ಶುರುವಾಗುವ ಎರಡು ಅಂಚುಗಳ ನಡುವಿನ ಮಧ್ಯಬಿಂದುವೇ ಸರಿಯಾದ ಜಾಗ. ಟಿಎಕ್ಸ್ ಆಫ್‌ಸೆಟ್ ಅನ್ನೂ ಅಷ್ಟೇ ಇಟ್ಟರೆ ಸಾಮಾನ್ಯವಾಗಿ ಸಾಕು, ಏಕೆಂದರೆ ಎರಡೂ ಒಂದೇ ಆಸಿಲೇಟರಿನಿಂದ ಬರುತ್ತವೆ. ಬೋರ್ಡ್ ಬಿಸಿಯಾಗುವ ಮೊದಲು ಈ ಕೆಲಸ ಮಾಡಬೇಡಿ; ಹಾಟ್‌ಸ್ಪಾಟ್ ಅರ್ಧ ಗಂಟೆ ಓಡಿದ ಮೇಲೆ ಅಳೆದ ಅಂಕಿಯೇ ನಿಲ್ಲುವ ಅಂಕಿ. ಆಫ್‌ಸೆಟ್ ಎಷ್ಟು ತಿರುಗಿಸಿದರೂ ಬಿಇಆರ್ ಇಳಿಯದಿದ್ದರೆ ಬೋರ್ಡಿನ ಮೇಲಿನ ಆಸಿಲೇಟರಿನ ಲೋಹದ ಡಬ್ಬಿ ನೋಡಿ. 12.288 ಅಥವಾ 14.7456 ಎಂದು ಬರೆದಿರುತ್ತದೆ. ಎರಡಕ್ಕೂ ಹಾಟ್‌ಸ್ಪಾಟಿನ ಫರ್ಮ್‌ವೇರ್ ಬೇರೆ ಬೇರೆ, ಅದಲು ಬದಲಾದರೆ ಆವರ್ತನವೇ ಎಲ್ಲೋ ಹೋಗಿರುತ್ತದೆ.

ಹೆಸರುಗಳ ಪಟ್ಟಿ

ಉಳಿದದ್ದು ಹೆಸರುಗಳ ಪಟ್ಟಿ, ಇಷ್ಟಕ್ಕೆಲ್ಲ ಕಾರಣವಾದದ್ದು. ಸಿಎಸ್‌ವಿ ಬಗೆಯ ಫರ್ಮ್‌ವೇರಿನಲ್ಲಿ ಈ ಪಟ್ಟಿ ಕೋಡ್‌ಪ್ಲಗ್ಗಿನ ಜೊತೆ ಹೋಗುವುದಿಲ್ಲ, ಸಿಪಿಎಸ್‌ನಲ್ಲಿ ಅದಕ್ಕೆ ಬೇರೆ ಕಿಟಕಿ. ಚಾನೆಲ್ ಬರೆಯುವುದು ಒಂದು ಕೆಲಸ, ಪಟ್ಟಿ ಬರೆಯುವುದು ಇನ್ನೊಂದು. ಪಟ್ಟಿ ದೊಡ್ಡದಾದಷ್ಟೂ ಹೊತ್ತು ಹಿಡಿಯುತ್ತದೆ. ರೇಡಿಯೊಐಡಿ ತಾಣದಲ್ಲಿ ಸಿಗುವ ಜಾಗತಿಕ ಪಟ್ಟಿ 2 ಲಕ್ಷ ದಾಟಿದೆ, ಸೆಟ್ಟಿಗೆ ಅಷ್ಟು ಹಿಡಿಸುವುದಿಲ್ಲ. ಭಾರತವನ್ನು ಪೂರ್ತಿ ಇಟ್ಟುಕೊಂಡು, ಮಾಲೀಕರು ನಿತ್ಯ ಮಾತನಾಡುವ ದೇಶಗಳನ್ನು ಸೇರಿಸಿ, ಉಳಿದದ್ದನ್ನು ಕತ್ತರಿಸಲಾಯಿತು.

ಕತ್ತರಿಸುವಾಗ ಎರಡು ಎಚ್ಚರ. ಕಾಲಂಗಳ ಕ್ರಮ ಸಿಪಿಎಸ್ ಕೇಳುವಂತೆಯೇ ಇರಬೇಕು. ಮೊದಲು ಕಿಟಕಿಯಲ್ಲಿ ಕೈಯಿಂದಲೇ ಒಂದು ಹೆಸರು ಸೇರಿಸಿ ಎಕ್ಸ್‌ಪೋರ್ಟ್ ಮಾಡಿ, ಆ ಫೈಲಿನ ತಲೆಸಾಲಿಗೆ ನಿಮ್ಮ ಪಟ್ಟಿಯನ್ನು ಹೊಂದಿಸುವುದು ಎಲ್ಲಕ್ಕಿಂತ ಸುರಕ್ಷಿತ; ಒಂದು ಕಾಲಂ ಜಾರಿದರೂ ಕಾಲ್‌ಸೈನ್ ಜಾಗದಲ್ಲಿ ಊರು ಬರುತ್ತದೆ. ಎರಡನೆಯದು, ಸ್ಪ್ರೆಡ್‌ಶೀಟಿನಿಂದ ಉಳಿಸುವಾಗ ಸಾದಾ ಇಂಗ್ಲಿಷ್ ಅಕ್ಷರಗಳಷ್ಟೇ ಇರುವಂತೆ ನೋಡಿಕೊಳ್ಳಿ. ಹೆಸರಿನ ಮೇಲೆ ಚಿಹ್ನೆ ಇರುವ ಯುರೋಪಿನ ಅಕ್ಷರಗಳು ಕಸವಾಗುತ್ತವೆ, ಕನ್ನಡ ಅಕ್ಷರ ಈ ಪರದೆಯಲ್ಲಿ ಮೂಡುವುದೇ ಇಲ್ಲ. ಇಡೀ ಪಟ್ಟಿ ಬರೆಯುವ ಮುನ್ನ ಹತ್ತು ಹೆಸರುಗಳ ಚಿಕ್ಕ ಫೈಲ್ ಬರೆದು, ಅದರಲ್ಲೊಬ್ಬರು ಮಾತನಾಡುವಾಗ ಪರದೆ ನೋಡಿ. ಕಾಲ್‌ಸೈನ್, ಹೆಸರು, ಊರು ಆಯಾ ಸಾಲಿನಲ್ಲಿ ಬಂದರೆ ಪೂರ್ತಿ ಪಟ್ಟಿ ಬರೆಯಬಹುದು.